ಕಾಕಪಾದ

ಜನವರಿ 8

ಮಾನ್ಯರೇ,

ವಿಷಯ: ಪ್ರಶ್ನಾವಳಿಯ ಕರಡು ತಿದ್ದಿಕೊಡುವ ಬಗ್ಗೆ.

ನಮ್ಮ ಕೇಂದ್ರವು ನಲವತ್ತೈದು ದಾಟಿದ ಎರಡು ಸಾವಿರ ಮಹಿಳೆಯರ ಆರೋಗ್ಯವನ್ನು ಐದು ವರ್ಷಗಳ ಕಾಲ ಅಧ್ಯಯನ ಮಾಡಲಿದೆ. ಅದಕ್ಕಾಗಿ ಸಿದ್ಧಪಡಿಸಿದ ಮೂವತ್ತನಾಲ್ಕು ಪ್ರಶ್ನೆಗಳ ಕರಡನ್ನು ಇದರೊಂದಿಗೆ ಲಗತ್ತಿಸಲಾಗಿದೆ. ಭಾಷೆ ಹಾಗೂ ಕಾಗುಣಿತದ ದೋಷಗಳನ್ನು ತಿದ್ದಿ ಹದಿನೈದು ದಿನಗಳೊಳಗೆ ಹಿಂತಿರುಗಿಸಬೇಕಾಗಿ ಕೋರಿಕೆ.

ತಮ್ಮ ವಿಶ್ವಾಸಿ,
ಸಂಶೋಧನಾ ಸಹಾಯಕಿ

ಹಾಳೆಯ ಹಿಂಬದಿಯಲ್ಲಿ, ಪೆನ್ನಿನಲ್ಲಿ:

ಅಮ್ಮ, ಆ ಕಡೆಯದು ಆಫೀಸಿನದು, ಈ ಕಡೆಯದು ನನ್ನದು. ನಮ್ಮ ಮೇಡಂ "ಒಂದೂ ತಪ್ಪು ಬಿಡದೆ ಪ್ರೂಫ್ ನೋಡೋರು ಯಾರಾದ್ರೂ ಗೊತ್ತಾ?" ಅಂದರು. ಎರಡು ವರ್ಷದಿಂದ ನಿನಗೆ ಒಂದು ಕಾಗದ ಬರೆದವಳಲ್ಲ ಎಂಬುದು ನೆನಪಾಗುವ ಮೊದಲೇ "ನಮ್ಮಮ್ಮ" ಎಂದು ಬಾಯಿಂದ ಬಂದುಬಿಟ್ಟಿತ್ತು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ", "ಆಯ್ತು" ದಾಟಿ ಮುಂದೆ ಹೋದದ್ದು ನನಗೆ ನೆನಪಿಲ್ಲ.

ಮಗಳು


ಜನವರಿ 17

ಸಂಶೋಧನಾ ಸಹಾಯಕಿಯವರಿಗೆ, ಅಂದರೆ ನನ್ನ ಅಲ್ಪವಿರಾಮಕ್ಕೆ,

ತಮ್ಮ ಕಾಗದ ಮುಟ್ಟಿತು. "ಮಾನ್ಯರೇ" ಎಂದು ಓದಿ, ಯಾರೋ ಮಾನ್ಯರು ಬಂದು ನಿಂತಿದ್ದಾರೆಂದು ಹಿಂದೆ ತಿರುಗಿ ನೋಡಿದೆ. ನಮ್ಮ ಪ್ರೆಸ್ಸಿನ ಯಜಮಾನರಿದ್ದರು. ಅವರು ಸಾಮಾನ್ಯರು. ಹಾಗಾಗಿ ಆ ಮಾನ್ಯತೆಯನ್ನು ನಾನೇ ಇಟ್ಟುಕೊಂಡೆ.

ಅಲ್ಪವಿರಾಮ ಎಂಬ ಹೆಸರು ನಿನಗೆ ಮರೆತಿರಲಿಕ್ಕಿಲ್ಲ. ಮೂರು ವರ್ಷದವಳಿದ್ದಾಗ ಒಂದು ವಾಕ್ಯವನ್ನೂ ಮುಗಿಸದೆ "ಅಮ್ಮಾ, ಆಮೇಲೆ, ಆಮೇಲೆ" ಎಂದು ಬೆನ್ನ ಹಿಂದೆ ಸುತ್ತುತ್ತಿದ್ದವಳು ನೀನು. ಈಗ ನೋಡಿದರೆ ವಾಕ್ಯಗಳೆಲ್ಲ ಮುಗಿದಿವೆ, ಕೊನೆಯಲ್ಲಿ ಮೊಹರೂ ಬಿದ್ದಿದೆ.

ನಿನ್ನ ಮೂವತ್ತನಾಲ್ಕು ಪ್ರಶ್ನೆಗಳಲ್ಲಿ ಅರವತ್ತೊಂದು ತಪ್ಪು ಹಿಡಿದಿದ್ದೇನೆ. ಐದನೆಯದನ್ನೇ ನೋಡು: "ತಮಗೆ ಋತುಬಂಧ ಸಂಭವಿಸಿ ಎಷ್ಟು ಕಾಲವಾಯಿತು?" ನಮ್ಮ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವಾಕೆಗೆ ಓದಿ ಹೇಳಿದೆ. "ನಮ್ಮ ಮನೇಲಿ ಯಾರಿಗೂ ಜೈಲಾಗಿಲ್ಲಕ್ಕ" ಅಂದಳು. "ಮುಟ್ಟು ನಿಂತು ಎಷ್ಟು ವರ್ಷವಾಯಿತು?" ಎಂದು ತಿದ್ದಿದ್ದೇನೆ. ಒಂಬತ್ತನೆಯದರಲ್ಲಿ "ಮೂಳೆಯ ಸಾಂದ್ರತೆ" ಹೋಗಿ "ಮೂಳೆಯ ಸುಂದರತೆ" ಆಗಿದೆ. ನಮ್ಮ ವಯಸ್ಸಿನವರ ಮೂಳೆಯಲ್ಲಿ ಸೌಂದರ್ಯ ಹುಡುಕುವ ಉದಾರಿಗಳು ನಿಮ್ಮ ಕೇಂದ್ರದಲ್ಲಿದ್ದರೆ ವಿಳಾಸ ಕಳಿಸು. ಇಪ್ಪತ್ತೆರಡರಲ್ಲಿ "ಸ್ವಯಂ ಸ್ತನಪರೀಕ್ಷೆ ಕೈಗೊಳ್ಳುವಿರಾ?" ಎಂದಿದೆ. ಕೈಗೊಳ್ಳುವುದು ಯಾತ್ರೆಯನ್ನು. "ತಿಂಗಳಿಗೊಮ್ಮೆ ಎದೆಯನ್ನು ಕೈಯಿಂದ ಮುಟ್ಟಿ, ಗಂಟು ಇದೆಯೇ ಎಂದು ನೋಡಿಕೊಳ್ಳುತ್ತೀರಾ?" ಎಂದು ಮಾಡಿದ್ದೇನೆ. ಉದ್ದವಾಯಿತು, ನಿಜ. ಆದರೆ ಹೆಂಗಸರಿಗೆ ಅರ್ಥವಾಗುತ್ತದೆ, ಅಷ್ಟು ಸಾಕಲ್ಲ?

ಅಂಚಿನಲ್ಲಿ ಅಲ್ಲಲ್ಲಿ ಹಕ್ಕಿಯ ಕಾಲಿನಂಥ ಗುರುತು ಕಂಡರೆ ಹೆದರಬೇಡ. ಬಿಟ್ಟುಹೋದ ಅಕ್ಷರವನ್ನು ಇಲ್ಲಿ ಸೇರಿಸಿ ಎಂದು ಅದರ ಅರ್ಥ. ಓದಿದವರು ಅದನ್ನು ಹಂಸಪಾದ ಅನ್ನುತ್ತಾರೆ. ನನ್ನ ಕೈಗೆ ಹಂಸದ ಗತ್ತು ಬರಲಿಲ್ಲ. ನನಗೆ ಕೆಲಸ ಕಲಿಸಿದ ಮುದುಕರು ಅನ್ನುತ್ತಿದ್ದ ಹಾಗೆ ನನ್ನದು ಕಾಕಪಾದ, ಕಾಗೆಯ ಕಾಲು.

ನನಗೆ ಅಕ್ಷರದ ತಪ್ಪು ಮಾತ್ರ ಕಾಣುತ್ತದೆ ಎಂದು ತಜ್ಞರೊಬ್ಬರು ಎರಡು ವರ್ಷದ ಹಿಂದೆ ನಮ್ಮ ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ನಿಂತು ಹೇಳಿದ್ದರು. ಅದಕ್ಕೆ ಅಷ್ಟನ್ನೇ ತಿದ್ದಿದ್ದೇನೆ.

ಮತ್ತೇನು ವಿಶೇಷ? ನಿನ್ನ ಚಿಕ್ಕಮ್ಮನ ಕುರ್ಚಿ ಅಡುಗೆಮನೆಯ ಕಿಟಕಿಯ ಪಕ್ಕವೇ ಇದೆ. ಅವಳು ಹೋದ ಮೇಲೆ ಅದರಲ್ಲಿ ಯಾರೂ ಕೂತಿಲ್ಲ, ಇಸ್ತ್ರಿಗೆ ಹೋಗುವ ಬಟ್ಟೆ ಮಾತ್ರ ಕೂರುತ್ತದೆ. ಹಾಂ, ಕಾಗೆ ಮತ್ತೆ ಬಂದಿದೆ. ಮೂರು ವರ್ಷ ಅದರ ಪತ್ತೆಯೇ ಇರಲಿಲ್ಲ. ಇರಲಿ. ಬಂದ ಹಾಗೆಯೇ ಹೋದೀತು.

ಇತಿ ನಿನ್ನ,
ಪೂರ್ಣವಿರಾಮ (ಅಂದರೆ ಅಮ್ಮ)


ಫೆಬ್ರವರಿ 6

ಅಮ್ಮ,

ನಿನ್ನ ಕೆಂಪು ಶಾಯಿಯ ಹಾಳೆಗಳನ್ನು ಮೇಡಂ ಗೋಡೆಗೆ ಅಂಟಿಸಿದ್ದಾರೆ. "ಇವರು ಪ್ರೂಫ್ ನೋಡಿಲ್ಲ ಕಣ್ರೀ, ನಮಗೆ ಚೆನ್ನಾಗಿ ಬೈದಿದ್ದಾರೆ" ಅಂದರು.

ಪ್ರಶ್ನೆ ಕೇಳುವ ಕೆಲಸ ಶುರುವಾಗಿದೆ. ಬೆಳಿಗ್ಗೆ ಮನೆಮನೆಗೆ ಹೋಗುವುದು, ಮಧ್ಯಾಹ್ನ ಆಫೀಸಿನ ಉದ್ದ ಮೇಜಿನಲ್ಲಿ ಉತ್ತರಗಳನ್ನು ಕಂಪ್ಯೂಟರಿಗೆ ತುಂಬುವುದು. ಹೆಂಗಸರು ಮೊದಲು ಬಾಗಿಲನ್ನು ಒಂದು ಗೇಣು ತೆರೆಯುತ್ತಾರೆ. "ಸೋಪು ಮಾರೋರಾ?" ಅನ್ನುತ್ತಾರೆ. ಇಲ್ಲ ಅಂದರೆ ನಿರಾಸೆ. ಆಮೇಲೆ ಕೂರಿಸಿಕೊಂಡು ಬಿಡುವುದೇ ಇಲ್ಲ. ನಿನ್ನೆ ಒಬ್ಬರು ಶಾಲೆಯ ಟೀಚರು ಸೆಕೆಯ ಪ್ರಶ್ನೆಗೆ, "ಮುಟ್ಟು ನಿಂತ ಮೇಲೆ ನನಗಿರೋದು ಒಂದೇ ಋತು, ಬೇಸಿಗೆ" ಅಂದರು. ನಿನಗೆ ಹೇಳಬೇಕು ಅನ್ನಿಸಿ ಅಂಗೈಯಲ್ಲಿ ಬರೆದುಕೊಂಡೆ.

ಒಂದು ಚಾಡಿ ಇದೆ. ನೀನು ಒಂದು ತಪ್ಪು ಬಿಟ್ಟಿದ್ದೀಯ! ಹದಿನೇಳನೆಯ ಪ್ರಶ್ನೆ: "ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ರಕ್ತಸಾವ ಕಂಡಿದೆಯೇ?" ರಕ್ತಸ್ರಾವದ "ಸ್ರಾ" ದಲ್ಲಿ ರಕಾರವೇ ಇಲ್ಲ. ಅಚ್ಚಿಗೆ ಹೋಗುವ ಹಿಂದಿನ ದಿನ ನಮ್ಮ ಟೈಪಿಸ್ಟ್ ಹುಡುಗಿ ಹಿಡಿದಳು. "ನಿಮ್ಮಮ್ಮ ಸಾವನ್ನ ಹಾಗೇ ಬಿಟ್ಟುಬಿಟ್ಟಿದ್ದಾರೆ" ಎಂದು ಇಡೀ ಆಫೀಸು ನಗುತ್ತಿದೆ. ಮೂವತ್ತೊಂದು ವರ್ಷದ ದಾಖಲೆ ಮುರಿಯಿತಲ್ಲ?

ಕಾಗೆ ಬಂದ ಸುದ್ದಿ ಕೇಳಿ ತುಂಬ ಖುಷಿಯಾಯಿತು. ಚಿಕ್ಕಮ್ಮನ ಕಾಗೆಯೇ ತಾನೆ, ಎಡಗಾಲು ಸ್ವಲ್ಪ ಎಳೆಯುತ್ತಿದ್ದದ್ದು? ಆದರೆ ಮೂರಲ್ಲ, ಎರಡು ವರ್ಷ. ಅವಳು ಹೋದ ಮೇಲಲ್ಲವೇ ಅದು ಕಿಟಕಿಗೆ ಬರುವುದು ನಿಲ್ಲಿಸಿದ್ದು? ಲೆಕ್ಕದಲ್ಲಿ ನೀನು ಯಾವತ್ತೂ ಹೀಗೇ. ಅವಳು ಹಾಕುತ್ತಿದ್ದ ಹಾಗೆ ಬ್ರೆಡ್ಡಿನ ಚೂರು ಹಾಕು. ಅಂಚಿನದು, ಗಟ್ಟಿಯದು.

ಬರಬೇಕೆಂದಿದ್ದೆ. ಈ ತಿಂಗಳು ಇನ್ನೂರು ಮನೆ ಮುಗಿಸಬೇಕು.

ಮಗಳು


ಮಾರ್ಚ್ 2

ಅಲ್ಪವಿರಾಮಕ್ಕೆ,

ಸೋಲೊಪ್ಪಿಕೊಂಡೆ. ಕನ್ನಡಕದ ನಂಬರು ಬದಲಾಗಿರಬೇಕು. ಯಜಮಾನರಿಗೆ ಈ ವಿಷಯ ತಿಳಿಸಬೇಡ, ಅವರು ನನ್ನನ್ನು ನಂಬಿಯೇ ಅವರ ಮಗಳ ಮದುವೆಯ ಕಾಗದ ಅಚ್ಚು ಹಾಕಿಸಿದವರು.

ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ, ಕೇಳಿದ್ದೀಯ. ಪ್ರೂಫನ್ನು ಓದಬಾರದು, ನೋಡಬೇಕು. ಅರ್ಥದ ಹಿಂದೆ ಹೋದವಳಿಗೆ ಅಕ್ಷರ ಕೈಕೊಡುತ್ತದೆ. ಕಣ್ಣೀರು ತರಿಸುವ ಕಾದಂಬರಿಯನ್ನೂ ನಾನು ಒಣಕಣ್ಣಿನಲ್ಲಿ ನೋಡಿ ಮುಗಿಸಿದವಳು. ಒಂದು ಕಡೆ ಯಾಕೋ ನೋಡುವ ಬದಲು ಓದಿಬಿಟ್ಟೆ. ಅಷ್ಟೇ.

ಕಾಗೆ ಈ ಸಲ ಆರು ದಿನ ಇತ್ತು. ಬ್ರೆಡ್ಡು ತಿನ್ನುವ ಜಾತಿಯದಲ್ಲ ಬಿಡು. ಇದರದು ಹೊತ್ತಿಲ್ಲ ಗೊತ್ತಿಲ್ಲ. ಕಾಗೆ ಕೂಗಿದರೆ ನೆಂಟರು ಬರುತ್ತಾರೆ ಅಂತ ನಿನ್ನ ಚಿಕ್ಕಮ್ಮ ಹೇಳುತ್ತಿದ್ದಳು. ನಿನ್ನೆ ಹಿತ್ತಿಲಲ್ಲಿ ಯಾವುದೋ ಒಂದು "ಕಾ, ಕಾ" ಎಂದು ಅರ್ಧ ಗಂಟೆ ಕೂಗಿತು. "ಕಾಯ್ತಾನೇ ಇದ್ದೀನಲ್ಲ ಮಾರಾಯ, ಇನ್ನೂ ಎಷ್ಟು ಕಾಯಲಿ?" ಅಂದೆ.

ನಿನ್ನ ಮಂಚದ ಮೇಲೆ ಹಳೆಯ ಪ್ರೂಫುಗಳ ಕಟ್ಟು ಇಟ್ಟಿದ್ದೆ. ಮೊನ್ನೆ ತೆಗೆದು ಕೆಳಗಿಟ್ಟೆ, ಹೊಸ ಹಾಸು ಹಾಸಿದೆ. ಸುಮ್ಮನೆ, ಧೂಳು ಹೊಡೆಯುವುದಕ್ಕೆ. ನೀನು ಇನ್ನೂರು ಮನೆ ಮುಗಿಸು. ಇನ್ನೂರ ಒಂದನೆಯ ಮನೆ ಎಲ್ಲಿಗೂ ಓಡಿಹೋಗುವುದಿಲ್ಲ.

ಸ್ವಲ್ಪ ಸುಸ್ತು. ಸುಸ್ತಿಗೆ ವಯಸ್ಸು ಕಾರಣ, ವಯಸ್ಸಿಗೆ ಕಾರಣ ನಿನ್ನ ಅಜ್ಜಿ.

ಇತಿ,
ಅಮ್ಮ


ಏಪ್ರಿಲ್ 11

ಅಮ್ಮ,

ಇದನ್ನು ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಹೊಲಿಗೆ ಯಂತ್ರದ ಸದ್ದು ಕೇಳಿಸುತ್ತಿದೆ. ತುಳಿಯುತ್ತಿರುವಾಕೆಗೆ ಅರವತ್ತೆರಡು. ಈಗ ತಾನೇ ಅವರಿಗೆ ಹದಿನೇಳನೆಯ ಪ್ರಶ್ನೆ ಕೇಳಿದೆ. "ರಕ್ತಸ್ರಾವ ಗಿಕ್ತಸ್ರಾವ ಏನೂ ಇಲ್ಲಮ್ಮ" ಅಂದರು. "ಇಲ್ಲ" ಎಂದು ಗುರುತು ಹಾಕಿದೆ. ಚಪ್ಪಲಿ ಮೆಟ್ಟುತ್ತಿದ್ದಾಗ ಹಿಂದಿನಿಂದ, "ಹೋದ ತಿಂಗಳು ಎರಡು ದಿನ ಕಾಗೆ ಮುಟ್ಟಿತ್ತು, ಅಷ್ಟೆ. ಈ ವಯಸ್ಸಿಗೆ ನೋಡು! ಕಾಗೆಗೂ ಕಣ್ಣು ಕಾಣಲ್ಲ ಅನ್ಸುತ್ತೆ" ಎಂದು ನಕ್ಕರು. ನಾನೂ ನಕ್ಕೆ. ಎರಡು ಮೆಟ್ಟಿಲು ಇಳಿದೆ. ಮೂರನೆಯದರ ಮೇಲೆ ಕಾಲು ನಿಂತಿತು.

ಅಮ್ಮ, ನಿನ್ನ ಕಾಗೆ ಯಾವ ಕಾಗೆ?

ನೀನೂ ಚಿಕ್ಕಮ್ಮನೂ ಮುಟ್ಟಿಗೆ ಹಾಗೇ ಅನ್ನುತ್ತಿದ್ದಿರಿ. "ಕಾಗೆ ಬಂದಿದೆ." ಹದಿನಾಲ್ಕನೆಯ ವಯಸ್ಸಿನಲ್ಲಿ ನಾನು ದೊಡ್ಡ ಕ್ರಾಂತಿ ಮಾಡಿ, ಈ ಕಾಗೆ ಗೀಗೆ ಎಲ್ಲ ನನ್ನ ಹತ್ತಿರ ಬೇಡ, ಅದರ ಹೆಸರು ಹೇಳಿ ಅಂತ ಜಗಳವಾಡಿದ್ದೆ. ಆಮೇಲೆ ಆ ಮಾತು ನಿಮ್ಮಿಬ್ಬರ ನಡುವೆ ಉಳಿಯಿತು, ನನಗೆ ಮರೆತೇಹೋಯಿತು. ಆಫೀಸಿನ ಭಾಷೆ ಕಲಿತು ಮನೆಯ ಭಾಷೆ ಕಳೆದುಕೊಂಡವಳು ನಾನು. ನಿನಗೆ ಮುಟ್ಟು ನಿಂತು ಮೂರು ವರ್ಷ. ಲೆಕ್ಕ ತಪ್ಪಿದ್ದು ನನಗೆ, ನಿನಗಲ್ಲ. ನಾನೂರು ಹೆಂಗಸರಿಗೆ ಹದಿನೇಳನೆಯ ಪ್ರಶ್ನೆ ಕೇಳಿದವಳು ನಿನಗೆ ಕೇಳಲಿಲ್ಲ. ನಾನು ಕೇಳದೆಯೇ ನೀನು ಉತ್ತರಿಸಿದೆ. ನಾನು ಬ್ರೆಡ್ ಹಾಕು ಅಂದೆ.

ಏಳು ಸಲ ಫೋನ್ ಮಾಡಿದೆ. ಎಂಟನೆಯ ಸಲ ನೀನು ಎತ್ತಿ, "ಊಟ ಆಯ್ತಾ?" ಅಂದೆ. ನಾನು "ಅಮ್ಮ, ಕಾಗೆ" ಅಂದೆ. ನೀನು "ಪ್ರೆಸ್ಸಲ್ಲಿ ಮೆಷಿನ್ ಸದ್ದು, ಕೇಳಿಸ್ತಿಲ್ಲ" ಎಂದು ಫೋನ್ ಇಟ್ಟೆ. ಇವತ್ತು ಭಾನುವಾರ ಅಮ್ಮ. ಪ್ರೆಸ್ಸಿಗೆ ರಜೆ.

ಆದ್ದರಿಂದ ಬರೆಯುತ್ತೇನೆ, ಕಾಗದವನ್ನು ನೀನು ಇಟ್ಟುಬಿಡಲಾರೆ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ ಡಾಕ್ಟರಿಗೆ ತೋರಿಸಲೇಬೇಕು. ಹತ್ತರಲ್ಲಿ ಒಂಬತ್ತು ಸಲ ಕಾರಣ ಸಣ್ಣದೇ ಇರುತ್ತದೆ. ಹತ್ತನೆಯದು ಗರ್ಭಕೋಶದ ಒಳಪದರದ ಕ್ಯಾನ್ಸರ್ ಆಗಿದ್ದರೂ, ಬೇಗ ಕಂಡರೆ ಬಹುತೇಕ ಗುಣವಾಗುತ್ತದೆ. ತಡವಾದರೆ ಏನಾಗುತ್ತದೆ ಎಂಬುದನ್ನು ಅಡುಗೆಮನೆಯಲ್ಲಿ ಚಿಕ್ಕಮ್ಮ ಇಲ್ಲದ ಕುರ್ಚಿ ಹೇಳುತ್ತದೆ.

ಹೊಲಿಗೆಯಾಕೆಯ "ಇಲ್ಲ" ವನ್ನು "ಹೌದು" ಮಾಡಿ, ಆಸ್ಪತ್ರೆಗೆ ಚೀಟಿ ಬರೆದುಕೊಟ್ಟು ಬಂದಿದ್ದೇನೆ. ನಿನಗೆ ಚೀಟಿ ಯಾರು ಕೊಡಬೇಕು? ಶನಿವಾರ ಹೊರಡುತ್ತೇನೆ.

ಮಗಳು


ಏಪ್ರಿಲ್ 15

ಅಲ್ಪವಿರಾಮವೇ,

ಸಿಕ್ಕಿಬಿದ್ದೆ. ಮೂವತ್ತೊಂದು ವರ್ಷ ಊರವರ ತಪ್ಪು ಹಿಡಿದವಳನ್ನು ಅವಳದೇ ಏಕೈಕ ಪ್ರಕಟಣೆ ಹಿಡಿದುಹಾಕಿತು.

ಹೊರಡಬೇಡ. ಸಿಟ್ಟು ಮಾಡಿಕೊಳ್ಳದೆ ಇದನ್ನು ಪೂರ್ತಿ ಓದು. ನೋಡಬೇಡ, ಓದು.

ನಿನ್ನ ಚಿಕ್ಕಮ್ಮ ಒಂದು ಬೆಳಿಗ್ಗೆ ಆ ಕುರ್ಚಿಯಲ್ಲೇ ಕೂತು ಟೀ ಕುಡಿಯುತ್ತಾ, "ಅಕ್ಕಾ, ಕಾಗೆ ಮತ್ತೆ ಬಂದಿದೆ ಕಣೇ" ಅಂದಳು. ಅವಳಿಗೆ ನಿಂತು ಎರಡು ವರ್ಷವಾಗಿತ್ತು. ನಾನು ಯಾವುದೋ ಪಠ್ಯಪುಸ್ತಕದ ಪ್ರೂಫಿನಿಂದ ತಲೆ ಎತ್ತದೆ, "ಅಭಿನಂದನೆ, ನಿನ್ನ ಯೌವನ ಎರಡನೇ ಮುದ್ರಣ ಕಂಡಿತು" ಅಂದೆ. ಅವಳು ಎಷ್ಟು ನಕ್ಕಳೆಂದರೆ ಟೀ ಸೀರೆಯ ಮೇಲೆ ಚೆಲ್ಲಿತು. ಆಮೇಲೆ ಪ್ರತಿ ಸಲವೂ ಅವಳೇ ಹೇಳುವಳು: "ಅಕ್ಕಾ, ಮೂರನೇ ಮುದ್ರಣ." "ಅಕ್ಕಾ, ನಾಲ್ಕನೇ ಮುದ್ರಣ. ಪ್ರತಿಗಳು ಸಾಲ್ತಿಲ್ಲ." ಎಂಟು ತಿಂಗಳು ನಕ್ಕೆವು. ನಗುವಾಗ ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ.

ಅದು ನಾನು ಮಾಡಿದ ಅತ್ಯುತ್ತಮ ಶ್ಲೇಷೆ. ಆಮೇಲೆ ಅವಳ ಮಂಚದ ಪಕ್ಕ ಕೂತಿದ್ದಾಗ ಎಲ್ಲ ಪದಗಳಿಗೂ ಒಂದೇ ಅರ್ಥ ಉಳಿದಿತ್ತು.

ನೀನು ಬಾಗಿಲಲ್ಲಿ ನಿಂತು, "ನಿಂಗೆ ಅಕ್ಷರದ ತಪ್ಪು ಮಾತ್ರ ಕಾಣುತ್ತೆ ಅಮ್ಮ" ಅಂದದ್ದು ಈ ವಿಷಯ ಗೊತ್ತಿದ್ದೋ ಗೊತ್ತಿಲ್ಲದೆಯೋ, ನಾನು ಕೇಳಲಿಲ್ಲ. "ಕರೆದಾಗ ಬಾ" ಅಂದೆ. ಕರೆಯಲಿಲ್ಲ. ಕರೆಯುವ ಹಕ್ಕು ನನಗಿದೆ ಅನ್ನಿಸಲಿಲ್ಲ.

ಜನವರಿಯಲ್ಲಿ ನಿನ್ನ ಕರಡು ಬರುವ ನಾಲ್ಕು ದಿನ ಮೊದಲು ನನಗೂ ಕಾಗೆ ಬಂತು. ಹದಿನೇಳನೆಯ ಪ್ರಶ್ನೆಗೆ ಬಂದಾಗ ಕೆಂಪು ಪೆನ್ನು ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ! ಮೆಷಿನ್ನಿನವರು ಊಟಕ್ಕೆ ಹೋಗಿ ಬಂದಿದ್ದರು. ಸಾಲು ನೋಡಲಿಲ್ಲ, ಓದಿದೆ. ಓದಿದ ಮೇಲೆ ಅದರಲ್ಲಿ ತಪ್ಪೇ ಕಾಣಲಿಲ್ಲ. "ರಕ್ತಸಾವ" ಎಂದೇ ಇತ್ತು, ಸರಿಯಾಗೇ ಇದೆ ಅನ್ನಿಸಿತು. ಒಂದು ಕಾಕಪಾದ ಹಾಕಿದ್ದರೆ ಸಾವು ಹೋಗಿ ಬರೀ ಸ್ರಾವ ಆಗುತ್ತಿತ್ತು. ನಿನ್ನ ಚಿಕ್ಕಮ್ಮನಿಗೂ ನಾನು ಹಾಕದೆ ಬಿಟ್ಟದ್ದು ಅದನ್ನೇ.

ನಿನಗೆ ಯಾಕೆ ಕಾಗೆ ಎಂದು ಬರೆದೆನೋ? ಹೇಳಿದೆ ಅನ್ನಿಸಬೇಕು, ಕೇಳಿಸಬಾರದು. ಇಂಥ ಜಾಣತನ ನನ್ನಂಥವರಿಗೇ ಬರುವುದು.

ಬಟ್ಟೆಯ ಮೇಲೆ ಬಿದ್ದ ಕರೆಯೂ ಒಂದು ಕರೆಯೇ, ಓಗೊಡಬೇಕಿತ್ತು. ಈಗ ಓಗೊಡುತ್ತೇನೆ. ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಹೋಗುತ್ತಿದ್ದೇನೆ, ಪುಸ್ತಕ ಹೊಲಿಯುವಾಕೆ ಜೊತೆಗೆ ಬರುತ್ತಾಳೆ. ನೀನು ಬಂದರೆ ನಿನ್ನ ಮುಖ ನೋಡಲಾರದೆ ನಗಿಸಲು ಶುರು ಮಾಡುತ್ತೇನೆ. ಈ ಒಂದು ಸಲ ನಗಿಸದೆ ಹೋಗಿ ಬರಬೇಕು. ಕರೆದಾಗ ಬಾ. ಈ ಸಲ ಕರೆಯುತ್ತೇನೆ.

ಅಮ್ಮ


ಏಪ್ರಿಲ್ 21

ಅಮ್ಮ,

ಹೊರಡಲಿಲ್ಲ. ಶನಿವಾರ ತುಂಬಿದ ಚೀಲ ಇನ್ನೂ ಬಾಗಿಲ ಹತ್ತಿರ ಇದೆ. ಹಲ್ಲುಜ್ಜುವ ಬ್ರಷ್ಷನ್ನು ದಿನಾ ಬೆಳಿಗ್ಗೆ ಅದರೊಳಗಿಂದ ತೆಗೆದು ಮತ್ತೆ ಅದರೊಳಗೇ ಇಡುತ್ತೇನೆ.

ನೀನು ಬರೆದದ್ದನ್ನು ಓದಿದೆ. ನನ್ನದೂ ಒಂದಿದೆ. ಎರಡು ವರ್ಷದಿಂದ ಅದನ್ನು ನಿನ್ನ ತಪ್ಪಿನ ಕೆಳಗೆ ಬಚ್ಚಿಟ್ಟಿದ್ದೆ.

ಚಿಕ್ಕಮ್ಮ ನನಗೂ ಹೇಳಿದ್ದಳು. ಪರೀಕ್ಷೆಗೆ ಹದಿನೈದು ದಿನ ಇತ್ತು, ಅಡುಗೆಮನೆಯ ಮೇಜಿನ ತುಂಬ ನನ್ನ ಪುಸ್ತಕ. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡು, "ಕಾಗೆ ಯಾಕೋ ಬಿಡ್ತಾನೇ ಇಲ್ಲ ಕಣೇ, ನೀನು ಇದನ್ನೆಲ್ಲ ಓದಿದ್ದೀಯಲ್ಲ" ಅಂದಳು. ನಾನು ತಲೆ ಎತ್ತದೆ, "ಬ್ರೆಡ್ ಹಾಕು, ಹೋಗುತ್ತೆ" ಅಂದೆ. ಆಮೇಲೆ ಎದ್ದು ನಿಜವಾಗಿಯೂ ಬ್ರೆಡ್ಡು ಹಾಕಿದಳು.

ನಾನು ಓದುತ್ತಿದ್ದದ್ದು ಹೆಂಗಸರ ಆರೋಗ್ಯದ ಪಾಠವನ್ನೇ. ಆ ಪುಟದಲ್ಲಿ ಕಾಗೆ ಇರಲಿಲ್ಲ.

ಅವಳು ಹೋದ ಮೇಲೆ ನನಗೆ ಯಾರನ್ನಾದರೂ ಬೈಯಬೇಕಿತ್ತು. ನೀನು ಹತ್ತಿರ ಇದ್ದೆ. ಬಾಗಿಲಲ್ಲಿ ನಿಂತು ಆಡಿದ ಆ ಮಾತನ್ನು ನಾನು ನಿನಗೆ ಹೇಳಿದ್ದಲ್ಲ, ಅಮ್ಮ. ಎದುರಿಗೆ ಕನ್ನಡಿ ಇರಲಿಲ್ಲ, ನೀನಿದ್ದೆ.

ಮೇಡಂಗೆ ಎಲ್ಲ ಹೇಳಿದೆ. ಪ್ರಶ್ನಾವಳಿಗೆ ಮೂವತ್ತೈದನೆಯದು ಸೇರಿತು, ಆದರೆ ಕೇಳುವುದು ಎಲ್ಲಕ್ಕಿಂತ ಮೊದಲು: "ನಿಮ್ಮ ಮನೆಯಲ್ಲಿ ಮುಟ್ಟಿಗೆ ಏನನ್ನುತ್ತೀರಿ?" ಅವರು ಏನನ್ನುತ್ತಾರೋ ಅದೇ ಪದ ಹಾಕಿ ಹದಿನೇಳನೆಯದನ್ನು ಕೇಳಬೇಕು. ಒಂದೇ ವಾರದಲ್ಲಿ ಇಪ್ಪತ್ತಾರು ಹೆಸರು ಸಿಕ್ಕಿವೆ. ಕಾಗೆ, ತಿಂಗಳು, ರಜೆ, ನೆಂಟರು, ಕೆಂಪು ದೀಪ. ಒಬ್ಬರಂತೂ "ಭಾವಮೈದ" ಅಂದರು. "ಹೇಳದೆ ಬರ್ತಾನೆ, ನಾಲ್ಕು ದಿನ ಕೂರ್ತಾನೆ, ಕೆಲಸ ಹೆಚ್ಚು ಮಾಡ್ತಾನೆ." ಹಿಂದೆ "ಇಲ್ಲ" ಅಂದಿದ್ದ ಮನೆಗಳಿಗೆ ಮತ್ತೆ ಹೋಗುತ್ತಿದ್ದೇವೆ. ಹದಿಮೂರು "ಇಲ್ಲ" ಗಳು "ಹೌದು" ಆಗಿವೆ. ಹೊಲಿಗೆಯಾಕೆಯ ಪರೀಕ್ಷೆ ಮುಗಿಯಿತು. ಸಣ್ಣ ಕಾರಣವೇ, ಮದ್ದಿನಲ್ಲಿ ಹೋಗುತ್ತದಂತೆ. ನನಗೊಂದು ಲಂಗ ಹೊಲಿದುಕೊಡುತ್ತಾರಂತೆ, ನನ್ನ ವಯಸ್ಸು ಎಷ್ಟೆಂದುಕೊಂಡಿದ್ದಾರೋ!

ನಿನ್ನದು ಏನಾಯಿತು? ಬರೆ. ಬೇಗ ಬರೆ.

ಮಗಳು


ಮೇ 3

ಅಲ್ಪವಿರಾಮಕ್ಕೆ,

ನಿನ್ನ ಕಾಗದವನ್ನು ಚಿಕ್ಕಮ್ಮನ ಕುರ್ಚಿಯಲ್ಲಿ ಕೂತು ಓದಿದೆ. ಬಟ್ಟೆ ತೆಗೆದಿಟ್ಟು ನಾನೇ ಕೂತೆ. ಅಲ್ಲಿಂದ ಕಿಟಕಿ ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ. ನೀನು ತಲೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳಿಗೆ ಇಬ್ಬರ ನೆತ್ತಿಯೂ ಚೆನ್ನಾಗಿ ಪರಿಚಯವಿತ್ತು. ಅವಳಿದ್ದಿದ್ದರೆ ಇಬ್ಬರಿಗೂ ಬೈದು ಟೀ ಕೊಡುತ್ತಿದ್ದಳು. ಬೈಯುವುದನ್ನು ನಾವಿಬ್ಬರೇ ಮಾಡಿ ಮುಗಿಸಿದ್ದೇವೆ. ಇನ್ನು ಟೀ ಉಳಿದಿದೆ.

ಆಸ್ಪತ್ರೆಯ ಕಥೆ. ಉದ್ದನೆಯ ಓಣಿ, ಗೋಡೆಗೆ ಅಂಟಿಸಿದ ಬೆಂಚು, ಹದಿನಾರು ಹೆಂಗಸರು. ಎಲ್ಲರೂ ಬೇರೆ ಯಾರಿಗೋ ಜೊತೆಗೆ ಬಂದವರ ಹಾಗೆ ಕೂತಿದ್ದರು. ಕೌಂಟರಿನವಳು ಒಂದು ಹಾಳೆ ಕೊಟ್ಟು, "ತೊಂದರೆ ಏನು ಬರೀರಿ" ಅಂದಳು. "ಮುಟ್ಟು ನಿಂತು ಮೂರು ವರ್ಷದ ಮೇಲೆ ರಕ್ತಸ್ರಾವ" ಎಂದು ಬರೆದೆ. ರಕಾರ ಹಾಕಿದೆ. ಎರಡು ಸಲ ನೋಡಿದೆ. ಬದುಕಿನಲ್ಲಿ ಮೊದಲ ಸಲ ನನ್ನ ಬಗ್ಗೆ ಒಂದು ಸಾಲನ್ನು ತಪ್ಪಿಲ್ಲದೆ ಬರೆದೆ ಅನ್ನಿಸಿತು.

ಡಾಕ್ಟರಮ್ಮ ನಿನ್ನ ವಯಸ್ಸಿನವಳು. ಸ್ಕ್ಯಾನಿನಲ್ಲಿ ಒಳಪದರ ದಪ್ಪಗಾಗಿದೆ ಅಂದಳು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದಳು. ನೋಯಿತು, ಸುಳ್ಳು ಹೇಳುವುದಿಲ್ಲ. ಆದರೆ ಐದು ನಿಮಿಷದ ನೋವು. ನಗಿಸಲಿಲ್ಲ, ಮಾತು ಉಳಿಸಿಕೊಂಡೆ.

ಫಲಿತಾಂಶ ಮೊನ್ನೆ ಬಂತು. ಹತ್ತನೆಯವಳು ನಾನೇ. ಆದರೆ ಮೊದಲ ಹಂತ ಅಂದಳು. ಒಳಗೇ ಇದೆ, ಹೊರಗೆ ಕಾಲಿಟ್ಟ ಹಾಗೆ ಕಾಣುತ್ತಿಲ್ಲವಂತೆ. ಗರ್ಭಕೋಶ ತೆಗೆಯಬೇಕು. ತೆಗೆದ ಮೇಲೆ ಮತ್ತೊಮ್ಮೆ ನೋಡಿ ಉಳಿದದ್ದು ಹೇಳುತ್ತಾರೆ. ಮೂವತ್ತೊಂದು ವರ್ಷ ದಿನಾ ಶಬ್ದಕೋಶ ತೆರೆದು ನೋಡಿದವಳು ಈ ಕೋಶವನ್ನು ಒಮ್ಮೆಯೂ ನೋಡಿಸಿರಲಿಲ್ಲ. ತಾರೀಖು ಹದಿನೆಂಟು.

ನಿನಗೂ ಒಂದು ಮಾತು ಹೇಳಬೇಕಂತೆ. "ಅಕ್ಕ ತಂಗಿ ಇಬ್ಬರಿಗೂ ಬಂದಿದೆ, ಮಗಳೂ ತನ್ನ ಡಾಕ್ಟರಿಗೆ ಇದನ್ನ ಹೇಳಿಡಬೇಕು" ಅಂದಳು. ಹೇಳಿಡು. ನಿನ್ನ ಪ್ರಶ್ನಾವಳಿಗೆ ನೀನೂ ಉತ್ತರ ಕೊಡು.

ಒಂದು ಮಾತು ಮಾತ್ರ ತಡೆಯಲಾಗುತ್ತಿಲ್ಲ, ಬರೆದುಬಿಡುತ್ತೇನೆ. ಖಾಲಿ ಮಾಡಿಸುತ್ತಿರುವುದು ನೀನು ಒಂಬತ್ತು ತಿಂಗಳು ಬಾಡಿಗೆ ಕೊಡದೆ ಇದ್ದ ಮನೆ. ಕಿಟಕಿ ಇಲ್ಲ, ಗಾಳಿ ಇಲ್ಲ, ಆದರೂ ಎಂಟನೆಯ ತಿಂಗಳಿಂದ ಗೋಡೆಗೆ ಎಷ್ಟು ಒದೆಯುತ್ತಿದ್ದೆ! ಹಳೆಯ ಬಾಡಿಗೆದಾರರಿಗೆ ತಿಳಿಸದೆ ಕೆಡವಬಾರದು ಎಂಬುದು ಸಭ್ಯತೆ. ಅದಕ್ಕೇ ತಿಳಿಸುತ್ತಿದ್ದೇನೆ.

ನಿನ್ನ ಮಂಚದ ಹಾಸನ್ನು ಮತ್ತೆ ಬದಲಾಯಿಸಿದೆ. ಧೂಳು ಜಾಸ್ತಿ ಈ ಸಲ.

ಅಮ್ಮ


ಮೇ 7

ಅಮ್ಮ,

ಹಳೆಯ ಬಾಡಿಗೆದಾರಳ ಮನವಿ.

ನಿನ್ನ ಕಾಗದವನ್ನು ಆರು ಸಲ ಓದಿದೆ. ಆಸ್ಪತ್ರೆ ಇದೆ, ಡಾಕ್ಟರಮ್ಮ ಇದ್ದಾಳೆ, ತಾರೀಖು ಇದೆ, ಮಂಚದ ಹಾಸು ಇದೆ. ಕರೆಯುತ್ತೇನೆ ಅಂದಿದ್ದೆಯಲ್ಲ, ಆ ಒಂದು ಪದವನ್ನು ಮಾತ್ರ ಎಲ್ಲಿ ಹುಡುಕಿದರೂ ಕಾಣಲಿಲ್ಲ. ಸಾಲಿನ ಮಧ್ಯದಲ್ಲಿ ಬಿದ್ದುಹೋಗಿದೆಯೋ ಎಂದು ಅಂಚಿನಲ್ಲೆಲ್ಲ ಕಾಗೆಯ ಕಾಲು ಹುಡುಕಿದೆ. ಇಲ್ಲ.

ಮೇಡಂ ರಜೆಗೆ ಸಹಿ ಹಾಕಿ ಕೊಟ್ಟಿದ್ದಾರೆ. ಎಷ್ಟು ದಿನ ಎಂದು ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಬ್ರಷ್ಷನ್ನು ಈಗ ಚೀಲದಿಂದ ತೆಗೆಯುವುದೇ ಇಲ್ಲ, ಹೊಸದೊಂದನ್ನು ಕೊಂಡೆ.

ಎರಡು ವರ್ಷದಿಂದ ಕೇಳಬೇಕೆಂದಿದ್ದದ್ದು ಒಂದೇ ಪ್ರಶ್ನೆ. ಮೂವತ್ತೈದರಲ್ಲೂ ಇಲ್ಲದ್ದು. ಅಮ್ಮ, ನಾನು ಬರಲಾ?

ನಿನ್ನ,
ಅಲ್ಪವಿರಾಮ


ಮೇ 10

ನನ್ನ ಅಲ್ಪವಿರಾಮಕ್ಕೆ,

ನಿನ್ನ ಕಾಗದವನ್ನು ತಿದ್ದಿ ಇದರೊಂದಿಗೆ ಹಿಂತಿರುಗಿಸಿದ್ದೇನೆ. ತುಂಬ ಚೊಕ್ಕವಾಗಿದೆ, ತಪ್ಪು ಒಂದೇ ಒಂದು. ಅದೂ ಕೊನೆಯ ಪದದಲ್ಲಿ. ಇಷ್ಟು ದಿನ ನಾನೇ ಸರಿಯಾಗಿ ಬರೆದು ತೋರಿಸಿದ್ದರೆ ನೀನು ಈ ತಪ್ಪು ಮಾಡುತ್ತಿರಲಿಲ್ಲ.

"ಬರಲಾ?" ಎಂದು ಬರೆದಿದ್ದೀಯ. ಇದರಲ್ಲಿ ಪ್ರಶ್ನಾರ್ಥಕ ಚಿಹ್ನೆ ಬೇಡ, ಹೊಡೆದುಹಾಕಿದ್ದೇನೆ. ನಡುವಿನ "ರ", "ಲ" ಎರಡೂ ಅನವಶ್ಯಕ, ಅವನ್ನೂ ತೆಗೆದಿದ್ದೇನೆ. ಉಳಿದ ದೀರ್ಘವನ್ನು ಎಳೆದು ತಂದು ಮೊದಲಕ್ಷರಕ್ಕೆ ಸೇರಿಸಬೇಕು. ಅಲ್ಲಿ ಕೆಂಪು ಶಾಯಿಯಲ್ಲಿ ಒಂದು ಕಾಕಪಾದ ಹಾಕಿದ್ದೇನೆ, ಸ್ವಲ್ಪ ದೊಡ್ಡದಾಯಿತು.

ಈಗ ಓದಿ ನೋಡು.

ಬಾ

ಕೊನೆಗೆ ಪೂರ್ಣವಿರಾಮ ಬಿಟ್ಟುಹೋಗಿದೆ ಅಂದುಕೊಳ್ಳಬೇಡ. ಬೇಕೆಂದೇ ಇಟ್ಟಿಲ್ಲ,
ಅಮ್ಮ